ಬೇಡ ಅಂದ ಡ್ರಮ್ಮರ್

1968. ಅಮೆರಿಕದ ಬ್ಯೂಕ್ ಕಾರು ಕಂಪನಿಗೆ ಒಂದು ಹಾಡು ಬೇಕಾಗಿತ್ತು. ಅವರು ಓಪೆಲ್ ಅನ್ನೋ ಚಿಕ್ಕ ಕಾರನ್ನು ಹರೆಯದ ಹುಡುಗರಿಗೆ ಮಾರಬೇಕಿತ್ತು. ಹರೆಯದ ಹುಡುಗರ ಬಾಯಲ್ಲಿ ಆಗ ಯಾವ ಹಾಡು ಓಡಾಡ್ತಿತ್ತು? ಹಿಂದಿನ ವರ್ಷವಷ್ಟೇ ಇಡೀ ಅಮೆರಿಕದಲ್ಲಿ ಮೂರು ವಾರ ನಂಬರ್ ಒನ್ ಆಗಿದ್ದ 'ಲೈಟ್ ಮೈ ಫೈರ್'. ಹಾಡಿದವರು ಲಾಸ್ ಏಂಜಲೀಸಿನ 'ದಿ ಡೋರ್ಸ್'. ಕಂಪನಿ ಇಟ್ಟ ಬೆಲೆ 75 ಸಾವಿರ ಡಾಲರ್. ಹಾಡಿನಲ್ಲಿ ಹುಡುಗಿಯನ್ನು ಕರೆಯೋ ಜಾಗದಲ್ಲಿ ಕಾರಿನ ಹೆಸರು ಕೂರಿಸಿದರೆ ಮುಗೀತು, ಜಾಹೀರಾತು ರೆಡಿ!

ಬ್ಯಾಂಡಿನಲ್ಲಿ ನಾಲ್ಕು ಜನ. ಕೀಬೋರ್ಡ್ ನುಡಿಸುವ ರೇ ಮಂಝಾರೆಕ್, ಗಿಟಾರಿನ ರಾಬಿ ಕ್ರೀಗರ್, ಡ್ರಮ್ಸ್ ಬಾರಿಸುವ ಜಾನ್ ಡೆನ್ಸ್‌ಮೋರ್, ಹಾಡುವ ಜಿಮ್ ಮಾರಿಸನ್. ಕಂಪನಿಯ ಪ್ರಸ್ತಾಪ ಬಂದಾಗ ಜಿಮ್ ಊರಲ್ಲಿರಲಿಲ್ಲ. ಉಳಿದ ಮೂವರು ಯೋಚನೆ ಮಾಡಿದರು. 75 ಸಾವಿರ ಡಾಲರ್ ಅಂದ್ರೆ ಆ ಕಾಲಕ್ಕೆ ಸಣ್ಣ ದುಡ್ಡಲ್ಲ. ಅದೂ ಅಲ್ಲದೆ ಈ ಹಾಡನ್ನು ಮುಖ್ಯವಾಗಿ ಬರೆದವನು ರಾಬಿ, ಜಿಮ್ ಅಲ್ಲ. ಹೂಂ ಅಂದುಬಿಟ್ಟರು.

ಜಿಮ್ ವಾಪಸ್ ಬಂದ. ವಿಷಯ ಗೊತ್ತಾಯ್ತು. ಕೆಂಡಾಮಂಡಲ ಆದ. ಜಾಹೀರಾತು ಬಂದರೆ ಸುತ್ತಿಗೆ ತಗೊಂಡು ಎಲ್ಲರೆದುರು ಬ್ಯೂಕ್ ಕಾರನ್ನು ಒಡೆದು ಪುಡಿ ಮಾಡ್ತೀನಿ ಅಂತ ಬೆದರಿಕೆ ಹಾಕಿದ. ಕಂಪನಿ ಹಿಂದೆ ಸರಿಯಿತು.

ಅದು ಆತ ಬರೆದ ಹಾಡೂ ಅಲ್ಲವಲ್ಲ, ಅಷ್ಟು ಸಿಟ್ಟು ಯಾಕೆ ಸ್ವಾಮಿ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಹಾರ್ಡ್ ರಾಕ್ ಅನ್ನೋ ಸಂಗೀತ ಸಿನಿಮಾಕ್ಕೆ, ಟಿವಿಗೆ, ಜಾಹೀರಾತಿಗೆ ಹೋದ ಅರ್ಧ ಶತಮಾನದ ಚರಿತ್ರೆ ಬಿಚ್ಚಿಕೊಳ್ಳುತ್ತೆ. ನಾನು ಇದನ್ನು ಹೇಳ್ತಿರೋದು ರಾಕ್ ಅಭಿಮಾನಿಯಾಗಿ ಅಲ್ಲ. ನಾನು ಬೆಳೆದದ್ದು ಪಿ.ಬಿ. ಶ್ರೀನಿವಾಸ್ ದನಿ ಕೇಳಿ. ಆದರೆ ಟಿವಿಯಲ್ಲಿ ಕೂತು ಅನ್ನ ತಿನ್ನುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಎಡಿಟಿಂಗ್ ರೂಮಿನಲ್ಲಿ ಸಪ್ಪೆ ದೃಶ್ಯದ ಕೆಳಗೆ ಎರಡು ಏಟು ಡ್ರಮ್ಸ್, ಒಂದು ಎಳೆತ ಗಿಟಾರ್ ಹಾಕಿ ನೋಡಿ. ವಿಧಾನಸೌಧದ ಮೆಟ್ಟಿಲು ಇಳಿಯುತ್ತಿರೋ ಒಬ್ಬ ಸಾಮಾನ್ಯ ಶಾಸಕ ಯುದ್ಧಕ್ಕೆ ಹೊರಟ ಹಾಗೆ ಕಾಣ್ತಾನೆ! ಆ ಶಕ್ತಿ ಶಾಸಕನದಲ್ಲ, ಗಿಟಾರಿನದು. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದೇ ಇಲ್ಲಿನ ಜಗಳ.

ಈ ನಾಲ್ವರು ಯಾರು ಅನ್ನೋದನ್ನು ಸ್ವಲ್ಪ ತಿಳ್ಕೊಳ್ಳಿ. ಇವರನ್ನು ಒಟ್ಟಿಗೆ ಸೇರಿಸಿದ್ದರಲ್ಲಿ ನಮ್ಮ ದೇಶದ ಪಾಲೂ ಇದೆ. ಮಹರ್ಷಿ ಮಹೇಶ್ ಯೋಗಿಯವರ ಭಾವಾತೀತ ಧ್ಯಾನದ ತರಗತಿಗಳು ಆಗ ಲಾಸ್ ಏಂಜಲೀಸಿನಲ್ಲಿ ನಡೀತಿದ್ದವು. ಮಂಝಾರೆಕ್‌ಗೆ ಡೆನ್ಸ್‌ಮೋರ್ ಮತ್ತು ಕ್ರೀಗರ್ ಸಿಕ್ಕಿದ್ದು ಅಲ್ಲಿ. ಕ್ರೀಗರ್ ಪಂಡಿತ್ ರವಿಶಂಕರ್ ಅವರು ಆ ಊರಲ್ಲಿ ತೆರೆದಿದ್ದ ಕಿನ್ನರ ಸಂಗೀತ ಶಾಲೆಗೂ ಹೋಗಿ ಬಂದವನು. ಜಿಮ್ ಮತ್ತು ಮಂಝಾರೆಕ್ ಇಬ್ಬರೂ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಟಿವಿಗೂ ಇವರಿಗೂ ಮೊದಲಿನಿಂದ ಸರಿ ಹೋಗಲಿಲ್ಲ. 1967ರ ಸೆಪ್ಟೆಂಬರ್ 17ರಂದು ಎಡ್ ಸಲಿವನ್ ಶೋಗೆ ಕರೆಸಿದ್ದರು. ಅಮೆರಿಕದ ಮನೆಮನೆಯಲ್ಲಿ ನೋಡ್ತಿದ್ದ ಕಾರ್ಯಕ್ರಮ ಅದು. ಅಲ್ಲಿ ಹಾಡಿದರೆ ಹಣೆಬರಹ ಬದಲಾದ ಹಾಗೆ. ಕಾರ್ಯಕ್ರಮದವರು ಒಂದು ಷರತ್ತು ಹಾಕಿದರು. 'ಲೈಟ್ ಮೈ ಫೈರ್'ನಲ್ಲಿ ಒಂದು ಪದ ಮಾದಕವಸ್ತುವಿನ ಮತ್ತನ್ನು ಸೂಚಿಸುತ್ತೆ, ಅದನ್ನು ಬದಲಾಯಿಸಿ. ಹುಡುಗರು ಆಯ್ತು ಅಂದರು. ನೇರಪ್ರಸಾರ ಶುರುವಾಯ್ತು. ಜಿಮ್ ಅದೇ ಪದವನ್ನು ಹಾಗೇ ಹಾಡಿದ. ಆ ಶೋಗೆ ಮತ್ತೆ ಯಾವತ್ತೂ ಇವರನ್ನು ಕರೆಯಲಿಲ್ಲ.

ಟಿವಿಗಾಗಿ ಒಂದು ಪದ ಬದಲಾಯಿಸದವನು ಕಾರಿಗಾಗಿ ಬದಲಾಯಿಸ್ತಾನಾ?

ಈ ಬ್ಯಾಂಡಿನಲ್ಲಿ ಇನ್ನೊಂದು ಅಪರೂಪದ ಪದ್ಧತಿ ಇತ್ತು. ಯಾರು ಬರೆದರೂ, ಯಾರು ಟ್ಯೂನ್ ಹಾಕಿದರೂ, ಬಂದ ದುಡ್ಡು ನಾಲ್ಕು ಸಮಪಾಲು. ಇದು ಜಿಮ್‌ನದೇ ಸಲಹೆ. ಯೋಚನೆ ಮಾಡಿ, ಬ್ಯಾಂಡಿನ ಮುಖ ಆತ, ಹುಡುಗಿಯರು ಕಿರುಚುತ್ತಿದ್ದದ್ದು ಆತನ ಹೆಸರು. ಹೆಚ್ಚಿನ ಪಾಲು ಕೇಳಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಆತ ಕೇಳಲಿಲ್ಲ. ಸಮಪಾಲಿನ ಜೊತೆಗೇ ಇನ್ನೊಂದು ಮಾತು ಬಂತು. ನಾಲ್ವರಲ್ಲಿ ಒಬ್ಬ ಬೇಡ ಅಂದರೂ ಆ ಕೆಲಸ ಬೇಡ. ವೀಟೋ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳ ಕೈಲಿರೋ ಅಸ್ತ್ರ ಇಲ್ಲಿ ನಾಲ್ವರು ಹುಡುಗರ ಕೈಲಿತ್ತು.

1971ರ ಜುಲೈ 3. ಪ್ಯಾರಿಸ್‌ನಲ್ಲಿ ಜಿಮ್ ತೀರಿಕೊಂಡ. ವಯಸ್ಸು 27. ಉಳಿದದ್ದು ಮೂವರು ಮತ್ತು ಆ ಒಪ್ಪಂದ.

ಈಗ ಸಿನಿಮಾ ಕಡೆ ಬರೋಣ. ಅದಕ್ಕೂ ಮುಂಚೆ ವ್ಯವಹಾರ ಹೇಗೆ ನಡೆಯುತ್ತೆ ಅಂತ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಒಬ್ಬ ನಿರ್ದೇಶಕನಿಗೆ ಈಗಾಗಲೇ ಇರೋ ಒಂದು ಹಾಡು ಬೇಕಾದರೆ ಎರಡು ಬೀಗ ತೆಗೆಸಬೇಕು. ಮೊದಲನೇ ಬೀಗ ಸಾಹಿತ್ಯ ಮತ್ತು ರಾಗಸಂಯೋಜನೆಯದು. ಅದರ ಕೀಲಿ ಬರೆದವರ ಹತ್ತಿರ ಅಥವಾ ಅವರ ಹಕ್ಕು ಕೊಂಡ ಪ್ರಕಾಶನ ಕಂಪನಿ ಹತ್ತಿರ. ಎರಡನೇ ಬೀಗ ಧ್ವನಿಮುದ್ರಣದ್ದು. ಅದರ ಕೀಲಿ ಸಾಮಾನ್ಯವಾಗಿ ರೆಕಾರ್ಡ್ ಕಂಪನಿ ಹತ್ತಿರ. ಎರಡನೆಯದು ತೆಗೆಯದಿದ್ದರೆ ಬೇರೆ ಗಾಯಕನಿಂದ ಅದೇ ಹಾಡನ್ನು ಹಾಡಿಸಿ ಕೆಲಸ ಮುಗಿಸಬಹುದು. ಮೊದಲನೆಯದು ತೆಗೆಯದಿದ್ದರೆ? ಮನೆಗೆ ಹೋಗಬಹುದು.

ಹಾರ್ಡ್ ರಾಕ್‌ಗೆ ಸಿನಿಮಾದಲ್ಲಿ ದೊಡ್ಡ ಬಾಗಿಲು ತೆರೆದದ್ದು 1969ರ 'ಈಸಿ ರೈಡರ್'. ಇಬ್ಬರು ಹುಡುಗರು, ಎರಡು ಮೋಟಾರ್‌ಸೈಕಲ್, ಉದ್ದನೆಯ ರಸ್ತೆ. ಸಂಕಲನಕಾರ ಕೆಲಸ ಮಾಡೋವಾಗ ಸದ್ಯಕ್ಕೆ ಇರಲಿ ಅಂತ ಸಿಕ್ಕ ಗ್ರಾಮಫೋನ್ ರೆಕಾರ್ಡುಗಳ ಹಾಡುಗಳನ್ನು ದೃಶ್ಯದ ಕೆಳಗೆ ಹಾಕಿದ್ದ. ಆಮೇಲೆ ಹೊಸ ಸಂಗೀತ ಮಾಡಿಸೋದು ಅನ್ನೋ ಯೋಚನೆ ಇತ್ತು. ನೋಡ್ತಾ ನೋಡ್ತಾ ನಿರ್ದೇಶಕ ಡೆನಿಸ್ ಹಾಪರ್‌ಗೆ ಅನ್ನಿಸ್ತು, ಇದಕ್ಕಿಂತ ಇನ್ನೇನು ಬೇಕು? ಹಾಗೆ ಉಳಿದುಕೊಂಡದ್ದು ಸ್ಟೆಪನ್‌ವುಲ್ಫ್ ಬ್ಯಾಂಡಿನ 'ಬಾರ್ನ್ ಟು ಬಿ ವೈಲ್ಡ್'. ಇವತ್ತು ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬುಲೆಟ್ ಏರಿ ಹೊರಡೋ ಸಾಫ್ಟ್‌ವೇರ್ ಹುಡುಗರ ಹೆಲ್ಮೆಟ್ಟಿನೊಳಗೆ ಓಡೋ ಹಾಡುಗಳಿಗೆಲ್ಲ ಇದು ಅಜ್ಜ.

ಆದರೆ ಹಾಡು ಮತ್ತು ಚಿತ್ರ ಹೇಗೆ ಒಂದಕ್ಕೊಂದು ಅರ್ಥ ತುಂಬಬಲ್ಲವು ಅನ್ನೋದನ್ನು ನೋಡಬೇಕಾದರೆ 1979ರ 'ಅಪೊಕ್ಯಾಲಿಪ್ಸ್ ನೌ' ನೋಡಬೇಕು. ವಿಯೆಟ್ನಾಂ ಯುದ್ಧದ ಚಿತ್ರ. ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ. ಈತನೂ ಯುಸಿಎಲ್‌ಎನಲ್ಲಿ ಸಿನಿಮಾ ಓದಿದವನೇ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ! ಚಿತ್ರದ ಮೊದಲ ದೃಶ್ಯ. ಸಾಲು ತಾಳೆಮರಗಳು. ಒಂದು ಹೆಲಿಕಾಪ್ಟರ್ ಅಡ್ಡ ಹಾಯುತ್ತೆ. ಹಳದಿ ಹೊಗೆ ಏಳುತ್ತೆ. ಗಿಟಾರ್ ಮೆಲ್ಲಗೆ ಶುರುವಾಗುತ್ತೆ, ಸಿತಾರಿನ ಹಾಗೆ, ಆಲಾಪದ ಹಾಗೆ. ಇದ್ದಕ್ಕಿದ್ದಂತೆ ಇಡೀ ಕಾಡು ಬೆಂಕಿಯಾಗುತ್ತೆ. ಅದೇ ಗಳಿಗೆಗೆ ಜಿಮ್ ಮಾರಿಸನ್ ದನಿ. ಹಾಡಿನ ಹೆಸರು 'ದಿ ಎಂಡ್'. ಅಂತ್ಯ ಅನ್ನೋ ಹೆಸರಿನ ಹಾಡಿನಿಂದ ಚಿತ್ರ ಆರಂಭ! ಆ ದೃಶ್ಯದ ಫಿಲ್ಮ್ ಕೂಡ ಬೇಡ ಅಂತ ಕತ್ತರಿಸಿ ಡಬ್ಬಿಗೆ ಹಾಕಿದ್ದ ತುಣುಕುಗಳಲ್ಲಿ ಸಿಕ್ಕಿದ್ದಂತೆ.

ಇದರ ಹಿಂದೆ ಇನ್ನೊಂದು ಕಥೆ ಇದೆ. ಜಿಮ್‌ನ ಅಪ್ಪ ಜಾರ್ಜ್ ಸ್ಟೀಫನ್ ಮಾರಿಸನ್ ಅಮೆರಿಕದ ನೌಕಾಪಡೆಯ ದೊಡ್ಡ ಅಧಿಕಾರಿ. 1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿ ಘಟನೆ ನಡೀತಲ್ಲ, ಯಾವುದನ್ನು ತೋರಿಸಿ ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಪೂರ್ತಿಯಾಗಿ ಧುಮುಕಿತೋ ಅದು, ಆಗ ಅಲ್ಲಿದ್ದ ಅಮೆರಿಕದ ನೌಕಾದಳದ ಕಮಾಂಡರ್ ಈತನೇ. ಅಪ್ಪ ಯುದ್ಧ ಶುರುವಾದ ಕಡಲಲ್ಲಿದ್ದ. ಹದಿನೈದು ವರ್ಷದ ನಂತರ ಅದೇ ಯುದ್ಧದ ಚಿತ್ರದಲ್ಲಿ, ಸತ್ತು ಎಂಟು ವರ್ಷ ಆಗಿದ್ದ ಮಗನ ದನಿ ಕಾಡು ಉರಿಯೋದನ್ನು ನೋಡ್ತಾ ಹಾಡ್ತಿದೆ. ಯಾವ ಕಥೆಗಾರ ತಾನೇ ಇದನ್ನು ಕಲ್ಪಿಸಿಕೊಂಡು ಬರೀತಾನೆ?

ಈ ಚಿತ್ರಕ್ಕೆ ಹಾಡು ಕೊಡೋಕೆ ಡೆನ್ಸ್‌ಮೋರ್ ತಕರಾರು ತೆಗೆಯಲಿಲ್ಲ. 1991ರಲ್ಲಿ ಆಲಿವರ್ ಸ್ಟೋನ್ ಇವರದೇ ಬದುಕಿನ ಮೇಲೆ 'ದಿ ಡೋರ್ಸ್' ಅಂತ ಚಿತ್ರ ಮಾಡಿದಾಗಲೂ ಹಾಡುಗಳು ಸಿಕ್ಕವು. ಅಂದ್ರೆ ಈ ಮನುಷ್ಯ ಎಲ್ಲದಕ್ಕೂ ಅಡ್ಡಗಾಲು ಹಾಕೋ ಜಾತಿ ಅಲ್ಲ. ಚಿತ್ರ ಬೇರೆ, ಜಾಹೀರಾತು ಬೇರೆ ಅನ್ನೋದು ಅವನ ಲೆಕ್ಕ. ಒಂದು ಸಲ ಮಾತ್ರ ಆ ಗೆರೆ ದಾಟಿದ್ದ. ಎಪ್ಪತ್ತರ ದಶಕದಲ್ಲಿ 'ರೈಡರ್ಸ್ ಆನ್ ದಿ ಸ್ಟಾರ್ಮ್' ಹಾಡನ್ನು ಪಿರೆಲ್ಲಿ ಟೈರಿನ ಜಾಹೀರಾತಿಗೆ, ಅದೂ ಇಂಗ್ಲೆಂಡಿನಲ್ಲಿ ಮಾತ್ರ ಅಂತ, ಮೂವರೂ ಒಪ್ಪಿ ಕೊಟ್ಟಿದ್ದರು. ಟಿವಿಯಲ್ಲಿ ಅದನ್ನು ನೋಡಿದ ಮೇಲೆ ಸತ್ತ ಗೆಳೆಯ ಬೆನ್ನ ಹಿಂದೆ ನಿಂತ ಹಾಗಾಯ್ತು ಅನ್ನೋ ಅರ್ಥದಲ್ಲಿ ಡೆನ್ಸ್‌ಮೋರ್ ಬರೆದುಕೊಂಡಿದ್ದಾನೆ. ತನ್ನ ಪಾಲಿನ ದುಡ್ಡನ್ನು ಪೂರ್ತಿ ದಾನ ಮಾಡಿದ.

ಎಂಬತ್ತರ ದಶಕದ ಹೊತ್ತಿಗೆ ಹಾಲಿವುಡ್ಡಿಗೆ ಹಾರ್ಡ್ ರಾಕ್ ಇಲ್ಲದೆ ಬಾಕ್ಸಿಂಗ್ ಮಾಡೋಕೂ ಬರ್ತಿರಲಿಲ್ಲ. 'ರಾಕಿ 3' ಮಾಡೋವಾಗ ಸಿಲ್ವೆಸ್ಟರ್ ಸ್ಟಲೋನ್‌ಗೆ ಬೇಕಿದ್ದದ್ದು ಕ್ವೀನ್ ಬ್ಯಾಂಡಿನ ಒಂದು ಹಾಡು. ಅನುಮತಿ ಸಿಗಲಿಲ್ಲ. ಸರ್ವೈವರ್ ಅನ್ನೋ ಬ್ಯಾಂಡಿಗೆ ಹೇಳಿ ಹೊಸದಾಗಿ ಬರೆಸಿದ. 1982ರಲ್ಲಿ ಬಂದ ಆ 'ಐ ಆಫ್ ದಿ ಟೈಗರ್' ಅಮೆರಿಕದಲ್ಲಿ ಆರು ವಾರ ನಂಬರ್ ಒನ್. ಇವತ್ತಿಗೂ ಜಿಮ್‌ಗಳಲ್ಲಿ ಬೆಳಗಿನ ಆರು ಗಂಟೆಗೆ ಅದೇ ಸುಪ್ರಭಾತ. ಅತ್ತ ಕ್ವೀನ್‌ಗೂ ಸಿನಿಮಾದಿಂದಲೇ ಮರುಜನ್ಮ ಬಂತು. ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ತೀರಿಕೊಂಡ. ಮರುವರ್ಷ 'ವೇಯ್ನ್ಸ್ ವರ್ಲ್ಡ್' ಅನ್ನೋ ಹಾಸ್ಯಚಿತ್ರದಲ್ಲಿ ಐದು ಹುಡುಗರು ಕಾರಿನಲ್ಲಿ ಕೂತು ತಲೆ ಕುಣಿಸಿ 'ಬೊಹೀಮಿಯನ್ ರಾಪ್ಸೊಡಿ'ಗೆ ಬಾಯಿ ಸೇರಿಸಿದರು. 1976ರಲ್ಲಿ ಅಮೆರಿಕದಲ್ಲಿ ಒಂಬತ್ತನೇ ಸ್ಥಾನಕ್ಕೆ ನಿಂತಿದ್ದ ಹಾಡು ಈಗ ಎರಡನೇ ಸ್ಥಾನಕ್ಕೆ ಏರಿತು.

ಜಾಹೀರಾತಿನವರು ಇದನ್ನೆಲ್ಲ ನೋಡ್ತಾ ಸುಮ್ಮನೆ ಕೂರ್ತಾರಾ? 1995ರ ಆಗಸ್ಟ್. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 95 ಬಿಡುಗಡೆ ಮಾಡಿತು. ಪರದೆಯ ಮೂಲೆಯಲ್ಲಿ 'ಸ್ಟಾರ್ಟ್' ಅಂತ ಒಂದು ಗುಂಡಿ. ಅದಕ್ಕೆ ತಕ್ಕ ಹಾಗೆ ರೋಲಿಂಗ್ ಸ್ಟೋನ್ಸ್‌ನ 'ಸ್ಟಾರ್ಟ್ ಮಿ ಅಪ್'. ಒಂದು ಕಾಲದಲ್ಲಿ ಅಪ್ಪ ಅಮ್ಮಂದಿರ ನಿದ್ದೆ ಕೆಡಿಸಿದ್ದ ಬ್ಯಾಂಡು ಕಚೇರಿ ಗುಮಾಸ್ತರಿಗೆ ಸಾಫ್ಟ್‌ವೇರ್ ಮಾರಿತು. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಸ್ಟೋನ್ಸ್ ಬಂದಾಗ ಮಳೆಯಲ್ಲಿ ನೆನೆದು ಕುಣಿದವರಲ್ಲಿ ಎಷ್ಟೋ ಜನ ಇದೇ ವಿಂಡೋಸ್ ಮುಂದೆ ಕೂತು ಸಂಬಳ ಎಣಿಸುತ್ತಿದ್ದವರು ಅನ್ನೋದು ಬೇರೆ ಮಾತು!

ದಿ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್‌ದು ಇನ್ನೊಂದು ದಾರಿ. ಆತನ 1971ರ ಹಾಡು 'ಬಾಬಾ ಓ ರೈಲಿ'. ಆ 'ಬಾಬಾ' ಯಾರು ಗೊತ್ತಾ? ನಮ್ಮ ಅಹ್ಮದ್‌ನಗರದ ಹತ್ತಿರ ಆಶ್ರಮ ಮಾಡಿಕೊಂಡಿದ್ದ ಮೆಹರ್ ಬಾಬಾ. ನಲವತ್ತಕ್ಕೂ ಹೆಚ್ಚು ವರ್ಷ ಮೌನವಾಗಿದ್ದ ಸಂತ. ಆ ಮೌನಿಯ ಹೆಸರಿಟ್ಟ, ಕಿವಿಗಡಚಿಕ್ಕುವ ಹಾಡು 2004ರಿಂದ 'ಸಿಎಸ್‌ಐ: ನ್ಯೂಯಾರ್ಕ್' ಅನ್ನೋ ಪತ್ತೇದಾರಿ ಧಾರಾವಾಹಿಯ ಶೀರ್ಷಿಕೆ ಗೀತೆಯಾಯ್ತು. ಆ ಸರಣಿಯ ಬೇರೆ ಧಾರಾವಾಹಿಗಳಿಗೂ ಶೀರ್ಷಿಕೆ ಗೀತೆ ಹೂ ಬ್ಯಾಂಡಿನದೇ. ಟೌನ್‌ಶೆಂಡ್ ವಾದ ನೇರ. ಹಾಡು ನನ್ನದು, ಬರೆದವನು ನಾನು, ನನಗಿಷ್ಟ ಬಂದವರಿಗೆ ಕೊಡ್ತೀನಿ, ಕೇಳಿ ಪ್ರೀತಿಸಿದ್ದೀರಿ ಅನ್ನೋ ಕಾರಣಕ್ಕೆ ಅದು ನಿಮ್ಮದಾಗಲ್ಲ. ಅದೇ ಟೌನ್‌ಶೆಂಡ್ 2004ರಲ್ಲಿ ಮೈಕೆಲ್ ಮೂರ್ ತನ್ನ 'ಫ್ಯಾರನ್‌ಹೀಟ್ 9/11' ಸಾಕ್ಷ್ಯಚಿತ್ರಕ್ಕೆ 'ವೋಂಟ್ ಗೆಟ್ ಫೂಲ್ಡ್ ಅಗೇನ್' ಕೇಳಿದಾಗ ಕೊಡಲ್ಲ ಅಂದ. ಮತ್ತೆ ಮೋಸ ಹೋಗಲ್ಲ ಅನ್ನೋ ಹಾಡು ಯುದ್ಧವನ್ನು ಪ್ರಶ್ನಿಸೋ ಚಿತ್ರಕ್ಕೆ ಸಿಗಲಿಲ್ಲ, ಮಯಾಮಿಯ ಕೊಲೆ ಧಾರಾವಾಹಿಗೆ ಸಿಕ್ಕಿತು. ನನಗೆ ಇದು ಒಪ್ಪಿಗೆಯಿಲ್ಲ. ಆದರೆ ನನ್ನ ಒಪ್ಪಿಗೆ ಕೇಳಿದವರು ಯಾರು? ಹಕ್ಕು ಅಂದ್ರೆ ಇದೇ. ಕೊಡೋದೂ ಅವನಿಷ್ಟ, ಬಿಡೋದೂ ಅವನಿಷ್ಟ.

ಮತ್ತೆ ನಮ್ಮ ಡ್ರಮ್ಮರ್ ಹತ್ತಿರ ಬರೋಣ. ಹೊಸ ಶತಮಾನದ ಶುರುವಿಗೆ ಆ್ಯಪಲ್ ಕಂಪನಿ ಬಂತು. ತಮ್ಮ ಕ್ಯೂಬ್ ಕಂಪ್ಯೂಟರಿಗೆ 'ವೆನ್ ದಿ ಮ್ಯೂಸಿಕ್ಸ್ ಓವರ್' ಬೇಕು ಅಂದರು. ಕೇಳೋಕೆ ಮುಂಚೆಯೇ ಹಾಡನ್ನು ಜಾಹೀರಾತಿಗೆ ಹೊಂದಿಸಿ ಇಟ್ಟಿದ್ದರಂತೆ. ಕೊಡ್ತೀವಿ ಅಂದದ್ದು 15 ಲಕ್ಷ ಡಾಲರ್. ಡೆನ್ಸ್‌ಮೋರ್‌ಗೂ ಆಸೆಯಾಯ್ತು. ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾನೆ. ಆದರೂ ಬೇಡ ಅಂದ.

ಆಮೇಲೆ ಬಂತು ನೋಡಿ ನಿಜವಾದ ಪರೀಕ್ಷೆ. ಕ್ಯಾಡಿಲಾಕ್. ಹಾಡು 'ಬ್ರೇಕ್ ಆನ್ ಥ್ರೂ'. ಕಂಪನಿ ಇಟ್ಟ ಬೆಲೆ ಒಂದೂವರೆ ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ವರದಿಯಾಯ್ತು. ಆಗಿನ ರೂಪಾಯಿ ಲೆಕ್ಕದಲ್ಲಿ 70 ಕೋಟಿಗೂ ಹೆಚ್ಚು! ಒಂದು ಹಾಡಿಗೆ! ಅದರಲ್ಲಿ ನಾಲ್ಕನೇ ಒಂದು ಪಾಲು ಡೆನ್ಸ್‌ಮೋರ್‌ದು. ಕ್ಯಾಡಿಲಾಕ್ ಯಾರದು? ಜನರಲ್ ಮೋಟಾರ್ಸ್‌ನದು. 1968ರಲ್ಲಿ ಬಂದಿದ್ದ ಬ್ಯೂಕ್ ಯಾರದು? ಅದೂ ಜನರಲ್ ಮೋಟಾರ್ಸ್‌ನದು. ಮೂರು ದಶಕ ಕಳೆದ ಮೇಲೆ ಅದೇ ಮನೆಯವರು ಬೇರೆ ಕಾರು ತಂದು ಅದೇ ಬಾಗಿಲು ತಟ್ಟಿದ್ದರು.

ಮಂಝಾರೆಕ್ ಮತ್ತು ಕ್ರೀಗರ್ ಕೊಡೋಣ ಅಂದರು. ಅವರನ್ನು ದುರಾಸೆಯವರು ಅಂತ ತಳ್ಳಿಹಾಕೋದು ಸುಲಭ, ನಾನು ಹಾಗೆ ಮಾಡಲ್ಲ. ಅವರ ಮಾತಲ್ಲೂ ಹುರುಳಿತ್ತು. ನ್ಯಾಪ್‌ಸ್ಟರ್ ಬಂದು ಹಾಡುಗಳು ಪುಕ್ಕಟೆ ಹಂಚಿಕೆಯಾಗ್ತಿದ್ದ ಕಾಲ ಅದು. ಸಿಡಿ ಅಂಗಡಿಗಳು ಬಾಗಿಲು ಹಾಕೋಕೆ ಶುರು ಮಾಡಿದ್ದವು. ಹೊಸ ಹುಡುಗರು ಹಳೇ ಹಾಡನ್ನು ಮೊದಲು ಕೇಳ್ತಿದ್ದದ್ದೇ ಜಾಹೀರಾತಿನಲ್ಲಿ, ಧಾರಾವಾಹಿಯಲ್ಲಿ. ಹಾಡು ಬದುಕಬೇಕಾದರೆ ಎಲ್ಲಾದರೂ ಕೇಳಿಸಬೇಕಲ್ಲ?

ಡೆನ್ಸ್‌ಮೋರ್ ಬೇಡ ಅಂದ. ಮೂರು ಪಾಲು ಒಂದು ಕಡೆ ಇದ್ದರೂ ಲೆಕ್ಕಕ್ಕೆ ಬರೋ ಹಾಗಿಲ್ಲ, ಒಪ್ಪಂದ ಅಂಥದ್ದು. 2002ರಲ್ಲಿ 'ದಿ ನೇಷನ್' ಪತ್ರಿಕೆಗೆ ಲೇಖನ ಬರೆದು ತನ್ನ ಕಾರಣಗಳನ್ನು ಬಹಿರಂಗವಾಗಿ ಹೇಳಿದ. ಸಾರಾಂಶ ಇಷ್ಟು. ಜನ ಈ ಹಾಡುಗಳನ್ನು ಕೇಳಿ ಪ್ರೀತಿ ಮಾಡಿದ್ದಾರೆ, ವಿಯೆಟ್ನಾಂನಲ್ಲಿ ಸತ್ತ ಗೆಳೆಯರನ್ನು ನೆನೆದಿದ್ದಾರೆ. ಆ ನೆನಪಿನ ಮೇಲೆ ಕಾರು ನಿಲ್ಲಿಸೋ ಹಕ್ಕು ನನಗಿಲ್ಲ. ಆ ಲೇಖನಕ್ಕೆ ಬೆಂಬಲವಾಗಿ ಪತ್ರಿಕೆಗೆ ಪತ್ರ ಬರೆದವರಲ್ಲಿ ಗಾಯಕ ಟಾಮ್ ವೇಟ್ಸ್ ಒಬ್ಬ. ತನ್ನ ಗೊಗ್ಗರು ದನಿಯನ್ನು ಅನುಕರಿಸಿ ಚಿಪ್ಸ್ ಮಾರಿದ್ದಕ್ಕೆ ಕೇಸು ಹಾಕಿ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಗೆದ್ದವನು ಆತ.

ಕ್ಯಾಡಿಲಾಕ್ ಕಾಯಲಿಲ್ಲ. 2002ರ ಫೆಬ್ರವರಿ, ಸೂಪರ್ ಬೌಲ್ ಪಂದ್ಯ. ಅಮೆರಿಕದಲ್ಲಿ ಅತಿ ಹೆಚ್ಚು ಜನ ಟಿವಿ ಮುಂದೆ ಕೂರೋ ರಾತ್ರಿ. ಕ್ಯಾಡಿಲಾಕ್ ಜಾಹೀರಾತು ಬಂತು. ಘೋಷವಾಕ್ಯ 'ಬ್ರೇಕ್ ಥ್ರೂ'. ಹಾಡು? ಲೆಡ್ ಝೆಪ್ಲಿನ್‌ನ 'ರಾಕ್ ಆ್ಯಂಡ್ ರೋಲ್'. ಘೋಷವಾಕ್ಯದಲ್ಲಿ ಡೋರ್ಸ್ ಹಾಡಿನ ನೆರಳು ಉಳಿದಿತ್ತು, ಹಾಡು ಮಾತ್ರ ಬೇರೆಯವರದು.

ಲೆಡ್ ಝೆಪ್ಲಿನ್ ಕೊಟ್ಟಿತು ಅನ್ನೋದೇ ದೊಡ್ಡ ಸುದ್ದಿ. ಯಾಕೆಂದರೆ ಕೇಳಿದವರಿಗೆಲ್ಲ ಇಲ್ಲ ಅನ್ನೋದರಲ್ಲಿ ಅವರು ಎತ್ತಿದ ಕೈ. 'ಆಲ್ಮೋಸ್ಟ್ ಫೇಮಸ್' ಚಿತ್ರಕ್ಕೆ ಬೇರೆ ಹಾಡುಗಳನ್ನು ಕೊಟ್ಟು 'ಸ್ಟೇರ್‌ವೇ ಟು ಹೆವನ್' ಮಾತ್ರ ಕೊಡದವರು. 2003ರಲ್ಲಿ 'ಸ್ಕೂಲ್ ಆಫ್ ರಾಕ್' ಚಿತ್ರದವರು ಏನು ಮಾಡಿದರು ಕೇಳಿ. ಚಿತ್ರದ ಕೊನೆಯ ಕಛೇರಿ ದೃಶ್ಯಕ್ಕೆ ಜನ ಸೇರಿಸಿದ್ದರಲ್ಲ, ಅದೇ ವೇದಿಕೆ ಮೇಲೆ ನಟ ಜ್ಯಾಕ್ ಬ್ಲ್ಯಾಕ್ ನಿಂತು ಲೆಡ್ ಝೆಪ್ಲಿನ್ ಸದಸ್ಯರನ್ನು ರಾಕ್ ದೇವರುಗಳೇ ಅಂತ ಕರೆದು ಬೇಡಿಕೊಂಡ. ಹಿಂದೆ ನಿಂತ ಇಡೀ ಜನಸ್ತೋಮ ದನಿಗೂಡಿಸಿತು. ಆ ವಿಡಿಯೋ ಕಳಿಸಿದ ಮೇಲೆ 'ಇಮಿಗ್ರಂಟ್ ಸಾಂಗ್' ಸಿಕ್ಕಿತು. ನಮ್ಮಲ್ಲಿ ಮಂತ್ರಿಗಳ ಮನೆ ಮುಂದೆ ಅಹವಾಲು ಹಿಡಿದು ನಿಲ್ಲೋ ಹಾಗೆ!

ಇತ್ತ ಡೋರ್ಸ್ ಮನೆಯಲ್ಲಿ ಜಗಳ ಬೀದಿಗೆ ಬಂತು. ಮಂಝಾರೆಕ್ ಮತ್ತು ಕ್ರೀಗರ್ ಬೇರೆ ಗಾಯಕನನ್ನು ಕಟ್ಟಿಕೊಂಡು 'ದಿ ಡೋರ್ಸ್ ಆಫ್ ದಿ ಟ್ವೆಂಟಿಫಸ್ಟ್ ಸೆಂಚುರಿ' ಅಂತ ಪ್ರವಾಸ ಹೊರಟರು. ಜಿಮ್ ಇಲ್ಲದೆ ಆ ಹೆಸರು ಬಳಸಬೇಡಿ ಅಂತ ಡೆನ್ಸ್‌ಮೋರ್ 2003ರಲ್ಲಿ ಕೋರ್ಟಿಗೆ ಹೋದ. ಜಿಮ್‌ನ ತಂದೆತಾಯಿಯೂ ಅದೇ ಕಡೆ ನಿಂತರು. ಹೌದು, ಅದೇ ಅಡ್ಮಿರಲ್ ಮಾರಿಸನ್. ಬದುಕಿದ್ದಾಗ ಮಗನಿಗೂ ಅಪ್ಪನಿಗೂ ಮಾತೇ ಇರಲಿಲ್ಲ. ಸಂದರ್ಶನಗಳಲ್ಲಿ ಅಪ್ಪ ಅಮ್ಮ ಸತ್ತಿದ್ದಾರೆ ಅಂತ ಹೇಳ್ತಿದ್ದವನು ಜಿಮ್. ಆ ಅಪ್ಪ ಎಂಬತ್ತು ದಾಟಿದ ಮೇಲೆ ಮಗನ ಬ್ಯಾಂಡಿನ ಹೆಸರು ಉಳಿಸೋಕೆ ಕೋರ್ಟಿನಲ್ಲಿ.

ಎದುರು ಕಡೆಯವರು ಪ್ರತಿದಾವೆ ಹಾಕಿದರು. ಕ್ಯಾಡಿಲಾಕ್‌ಗೆ ಬೇಡ ಅಂದು ನಮಗೆ ನಷ್ಟ ಮಾಡಿದ್ದೀಯ, 4 ಕೋಟಿ ಡಾಲರ್ ಕೊಡು ಅಂತ! ಇಲ್ಲ ಅಂದದ್ದಕ್ಕೆ ದಂಡ. ವಿಚಾರಣೆಯಲ್ಲಿ ತನ್ನನ್ನು ಅಮೆರಿಕ ವಿರೋಧಿ ಅಂತ ಬಿಂಬಿಸೋ ಪ್ರಯತ್ನವೂ ನಡೀತು, ಅದಕ್ಕೆ ಆ ಪತ್ರಿಕಾ ಲೇಖನವನ್ನೇ ಸಾಕ್ಷಿ ಮಾಡಿದರು ಅಂತ ಡೆನ್ಸ್‌ಮೋರ್ 2013ರಲ್ಲಿ ತಂದ 'ದಿ ಡೋರ್ಸ್: ಅನ್‌ಹಿಂಜ್ಡ್' ಪುಸ್ತಕದಲ್ಲಿ ಬರೆದಿದ್ದಾನೆ. 2005ರ ಜುಲೈನಲ್ಲಿ ತೀರ್ಪು ಬಂತು. ಹೆಸರು ಬಳಸೋ ಹಾಗಿಲ್ಲ. ಪ್ರತಿದಾವೆಯೂ ನಿಲ್ಲಲಿಲ್ಲ. ಮೇಲ್ಮನವಿಗಳು ನಡೆದು, 2008ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸೋಕೆ ನಿರಾಕರಿಸಿದ ಮೇಲೆ ಅಧ್ಯಾಯ ಮುಗೀತು.

ಇದನ್ನೆಲ್ಲ ಓದ್ತಾ ನನಗೆ ನಮ್ಮ ಕಡೆಯ ಲೆಕ್ಕ ನೆನಪಾಗುತ್ತೆ. ಅಲ್ಲಿ ಹಾಡು ಮೊದಲು ಹುಟ್ಟುತ್ತೆ, ಸಿನಿಮಾ ಆಮೇಲೆ ಬಂದು ಕೈ ಚಾಚುತ್ತೆ. ನಮ್ಮಲ್ಲಿ ಹಾಡು ಹುಟ್ಟೋದೇ ಸಿನಿಮಾದ ಹೊಟ್ಟೆಯಲ್ಲಿ. ಹಾಗಾಗಿ ಹುಟ್ಟಿದ ಗಳಿಗೆಗೇ ಅದು ನಿರ್ಮಾಪಕನದು. 1977ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಬೇರೆ ಒಪ್ಪಂದ ಇಲ್ಲದಿದ್ದರೆ ಚಿತ್ರಕ್ಕಾಗಿ ಮಾಡಿದ ಸಂಗೀತದ ಮೊದಲ ಒಡೆಯ ನಿರ್ಮಾಪಕ. ಸಾಹಿತ್ಯ ಬರೆದವನು, ರಾಗ ಹಾಕಿದವನು ಒಂದು ಸಲ ಹಣ ಎಣಿಸಿಕೊಂಡು ಎದ್ದು ಹೋಗಬೇಕು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಕೂತು ದನಿಯೆತ್ತಿ, 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಓಡೋದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ ಬರೆದವನಿಗೂ ರಾಗ ಹಾಕಿದವನಿಗೂ ರಾಯಲ್ಟಿಯಲ್ಲಿ ಪಾಲು, ಆ ಪಾಲನ್ನು ಯಾರೂ ಬರೆಸಿಕೊಳ್ಳೋ ಹಾಗಿಲ್ಲ. ಒಳ್ಳೆಯದೇ ಆಯ್ತು. ಆದರೆ ಗಮನಿಸಿ. ಸಿಕ್ಕಿದ್ದು ದುಡ್ಡಿನ ಪಾಲು. ನನ್ನ ಹಾಡನ್ನು ಈ ಸೋಪಿಗೆ, ಈ ಪಕ್ಷಕ್ಕೆ ಕೊಡಲ್ಲ ಅನ್ನೋ ಅಧಿಕಾರ? ಕೃತಿಯನ್ನು ತಿರುಚಿ ಮಾನ ಕಳೆದರೆ ಆಕ್ಷೇಪಿಸೋಕೆ ಕಾಯ್ದೆಯಲ್ಲಿ ಒಂದು ಕಲಮು ಇದೆ, ಅದು ಬಿಟ್ಟರೆ ಕೀಲಿಕೈ ಕಂಪನಿಯದೇ. 2022ರ ನವೆಂಬರ್‌ನಲ್ಲಿ 'ಕೆಜಿಎಫ್ ಚಾಪ್ಟರ್ 2' ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಬಳಸಿದ್ದಾರೆ ಅಂತ ಬೆಂಗಳೂರಿನಲ್ಲಿ ಕೇಸಾಯ್ತಲ್ಲ. ಕೆಳಗಿನ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯಿರಿ ಅಂದಿತು, ಮರುದಿನವೇ ಹೈಕೋರ್ಟ್ ಷರತ್ತು ಹಾಕಿ ಆ ಆದೇಶ ತೆಗೆಯಿತು. ನಾವೆಲ್ಲ ಸ್ಟುಡಿಯೋದಲ್ಲಿ ಕೂತು ಗಂಟೆಗಟ್ಟಲೆ ಚರ್ಚೆ ಮಾಡಿದೆವು. ಕೋರ್ಟಿಗೆ ಹೋದವರು ಯಾರು? ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್. ರಾಗ ಹಾಕಿದ ರವಿ ಬಸ್ರೂರು ಅಲ್ಲ. ಅವರಿಗೆ ಏನನ್ನಿಸ್ತು ಅಂತ ಆ ಚರ್ಚೆಗಳಲ್ಲಿ ಯಾರೂ ಕೇಳಿದ ನೆನಪು ನನಗಿಲ್ಲ.

ಹಳೇ ಹಾಡಿಗೆ ಪರದೆ ಕೊಡೋ ಜೀವದ ಬಗ್ಗೆ ಅನುಮಾನ ಇದ್ದವರು 2022ನ್ನು ನೋಡಬಹುದು. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯಲ್ಲಿ ಒಬ್ಬ ಹುಡುಗ ಛಾವಣಿ ಹತ್ತಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ನುಡಿಸಿದ. 1986ರ ಹಾಡು. ಮೂವತ್ತಾರು ವರ್ಷದ ನಂತರ ಮೊದಲ ಬಾರಿಗೆ ಬ್ರಿಟನ್ನಿನ ಟಾಪ್ 40ರೊಳಗೆ ಬಂತು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದ ನಮ್ಮ ಹುಡುಗರು ಈಗ ಅಪ್ಪಂದಿರಾಗಿದ್ದಾರೆ. ಅವರ ಮಕ್ಕಳು ಬಂದು, ಅಪ್ಪಾ, ಒಂದು ಹೊಸ ಬ್ಯಾಂಡ್ ಸಿಕ್ಕಿದೆ ಅಂತ ಹೇಳಿದ ಕಥೆ ನಾನೇ ಇಬ್ಬರ ಬಾಯಲ್ಲಿ ಕೇಳಿದ್ದೇನೆ.

ಮಂಝಾರೆಕ್ 2013ರ ಮೇ 20ರಂದು ಜರ್ಮನಿಯಲ್ಲಿ ತೀರಿಕೊಂಡ. ಕಾಯಿಲೆಯ ಸುದ್ದಿ ತಿಳಿದು ಡೆನ್ಸ್‌ಮೋರ್ ಮೊದಲೇ ಫೋನ್ ಮಾಡಿದ್ದ. ಕೋರ್ಟು, ಕಾರು ಯಾವುದರ ಮಾತೂ ಆಡದೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದ್ದರು. 2016ರ ಫೆಬ್ರವರಿಯಲ್ಲಿ ಮಂಝಾರೆಕ್ ನೆನಪಿಗೆ ಲಾಸ್ ಏಂಜಲೀಸಿನಲ್ಲಿ ಕಾರ್ಯಕ್ರಮ ನಡೆದಾಗ ಡೆನ್ಸ್‌ಮೋರ್ ಮತ್ತು ಕ್ರೀಗರ್ ಮತ್ತೆ ಒಂದೇ ವೇದಿಕೆ ಹತ್ತಿ ನುಡಿಸಿದರು. 2023ರ ಜನವರಿಯಲ್ಲಿ ಪ್ರೈಮರಿ ವೇವ್ ಅನ್ನೋ ಸಂಗೀತ ಪ್ರಕಾಶನ ಕಂಪನಿ ಡೋರ್ಸ್ ಹಾಡುಗಳ ಹಕ್ಕಿನಲ್ಲಿ ಪಾಲು ಕೊಂಡುಕೊಂಡಿತು. ಕ್ರೀಗರ್ ತನ್ನ ಪಾಲು ಮಾರಿದ, ಮಂಝಾರೆಕ್ ಕುಟುಂಬವೂ ಮಾರಿತು. ಜಿಮ್‌ನ ಪಾಲು ಆ ವ್ಯಾಪಾರದಲ್ಲಿ ಇರಲಿಲ್ಲ. ಡ್ರಮ್ಮರ್‌ನದೂ ಇರಲಿಲ್ಲ.